ಅಳೆಯುವ ಕೋಲು ತಪ್ಪಿದಾಗ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ೨೦೦೫ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ತಿಪಟೂರಿನಲ್ಲಿ ಪಿಯುಸಿ, ತುಮಕೂರಿನಲ್ಲಿ ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಹೋದ ತಿಂಗಳು ಮುಖ್ಯೋಪಾಧ್ಯಾಯರು ಫೋನ್ ಮಾಡಿ, ‘ಬಂದು ಹದಿನೈದು ನಿಮಿಷ ಮಾತಾಡಬೇಕು’ ಎಂದರು. ‘ಏನು ಮಾತಾಡಲಿ ಸಾರ್, ನಾನೇನೂ ಸಾಧನೆ ಮಾಡಿಲ್ಲ’ ಎಂದೆ. ‘ಸಾಧನೆಯ ವಿಷಯ ನಿನ್ನೆಯೇ ಸಾಕಷ್ಟು ಆಗಿರುತ್ತೆ. ನೀನು ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡ್ತೀಯ ಅನ್ನೋದನ್ನ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳು, ಅಷ್ಟು ಸಾಕು’ ಎಂದರು.

ಇದು ಸುಲಭದ ಕೆಲಸವಲ್ಲ. ಹದಿಮೂರು ವರ್ಷದಿಂದ ನಮ್ಮ ಅಮ್ಮನಿಗೇ ಹೇಳಲು ಆಗಿಲ್ಲ. ಯಾರಾದರೂ ಕೇಳಿದರೆ ‘ಕಂಪ್ಯೂಟರ್ ರಿಪೇರಿ’ ಎನ್ನುತ್ತಾಳೆ. ಯೋಚಿಸಿ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. ಆದ್ದರಿಂದ ನಾನು ಮಾಡಿದ ಒಂದೇ ಒಂದು ರಿಪೇರಿಯ ಕಥೆಯನ್ನು ಇವತ್ತು ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಅದನ್ನೂ ಹೇಳುತ್ತೇನೆ.

ಮೊದಲು ಸ್ವಲ್ಪ ಪಾಠ. ಮಕ್ಕಳೇ, ಕಂಪ್ಯೂಟರಿಗೆ ೪೦ ಎಂಬುದು ಎರಡು ಥರ ಇರಬಹುದು. ಒಂದು, ಲೆಕ್ಕ ಹಾಕುವ ಸಂಖ್ಯೆಯಾಗಿ. ಇನ್ನೊಂದು, ಬರಿಯ ಬರಹವಾಗಿ, ಅಂದರೆ ಬೋರ್ಡಿನ ಮೇಲೆ ಬರೆದ ‘೪’ ಮತ್ತು ‘೦’ ಎಂಬ ಎರಡು ಅಕ್ಷರಗಳಾಗಿ. ನಿಮಗೆ ಕನ್ನಡದಲ್ಲಿ ೪೦, ಗಣಿತದಲ್ಲಿ ೩೫ ಅಂಕ ಬಂದಿದೆ ಅಂದುಕೊಳ್ಳಿ. ಎರಡೂ ಸಂಖ್ಯೆಗಳಾಗಿದ್ದರೆ ಕೂಡಿಸಿದಾಗ ೭೫ ಬರುತ್ತದೆ. ಎರಡೂ ಬರಹಗಳಾಗಿದ್ದರೆ ಕಂಪ್ಯೂಟರ್ ಒಂದರ ಪಕ್ಕ ಒಂದನ್ನು ಅಂಟಿಸಿ ೪೦೩೫ ಎಂದು ಕೊಡುತ್ತದೆ! ನೀವು ನಗುತ್ತಿದ್ದೀರಿ. ಆದರೆ ನಿಮ್ಮ ಅಂಕಪಟ್ಟಿಯ ಬದಲು ಅದು ಒಬ್ಬರ ಕರೆಂಟ್ ಬಿಲ್ಲೋ ಬ್ಯಾಂಕಿನ ಸಾಲದ ಬಾಕಿಯೋ ಆಗಿದ್ದರೆ ಯಾರೂ ನಗುವುದಿಲ್ಲ.

ಒಂದು ವಸ್ತು ಸಂಖ್ಯೆಯೋ, ಬರಹವೋ, ದಿನಾಂಕವೋ, ಎಂಬುದನ್ನು ನಮ್ಮ ಕಸುಬಿನಲ್ಲಿ ‘ಟೈಪ್’ ಅನ್ನುತ್ತೇವೆ. ಅದರ ಜಾತಿ ಎನ್ನಬಹುದಿತ್ತು, ಆದರೆ ಈ ಶಾಲೆಯಲ್ಲಿ ಆ ಪದ ಬೇಡ. ಅದರ ಬಗೆ ಎನ್ನೋಣ. ಒಂದು ಬಗೆಯದು ಬೇಕಾದ ಕಡೆ ಇನ್ನೊಂದು ಬಗೆಯದನ್ನು ಇಟ್ಟಿದ್ದೀವೋ ಎಂದು ಪ್ರೋಗ್ರಾಮನ್ನು ಓಡಿಸುವ ಮೊದಲೇ, ಬರೀ ಓದಿ ಹುಡುಕುವ ಸಾಧನವೇ ಟೈಪ್ ಚೆಕರ್. ಮನೆ ಕಟ್ಟಿದ ಮೇಲೆ ಗೋಡೆ ಬಿದ್ದು ಗೊತ್ತಾಗುವುದು ಒಂದು ರೀತಿ. ನಕ್ಷೆ ನೋಡಿದ ಮೇಸ್ತ್ರಿ ‘ಸ್ವಾಮಿ, ಈ ತೊಲೆಯ ಕೆಳಗೆ ಕಂಬವೇ ಇಲ್ಲವಲ್ಲ’ ಎಂದು ಮೊದಲೇ ಹೇಳುವುದು ಇನ್ನೊಂದು ರೀತಿ. ಟೈಪ್ ಚೆಕರ್ ಆ ಮೇಸ್ತ್ರಿ.

ನಾವು ಕೆಲಸ ಮಾಡುವ ಭಾಷೆಯ ಹೆಸರು ಪೈಥಾನ್. ಇದನ್ನು ರೂಪಿಸಿದವರು ನೆದರ್‌ಲ್ಯಾಂಡಿನ ಗೈಡೊ ವಾನ್ ರೋಸಮ್. ಹೊರಬಂದದ್ದು ೧೯೯೧ರಲ್ಲಿ. ಹೆಬ್ಬಾವಿಗೂ ಇದಕ್ಕೂ ಸಂಬಂಧವಿಲ್ಲ, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದಿಂದ ಬಂದ ಹೆಸರು. ಪೈಥಾನ್ ಬಹಳ ಸಲೀಸಾದ ಭಾಷೆ. ಬಗೆ ಯಾವುದೆಂದು ಮೊದಲೇ ಹೇಳು ಎಂದು ಒತ್ತಾಯಿಸುವುದಿಲ್ಲ. ಸಣ್ಣ ಕೆಲಸಕ್ಕೆ ಅದು ಹಿತ. ಆದರೆ ಪ್ರೋಗ್ರಾಮು ಲಕ್ಷಾಂತರ ಸಾಲಿಗೆ ಬೆಳೆದಾಗ ಯಾವುದು ಸಂಖ್ಯೆ, ಯಾವುದು ಬರಹ ಎಂದು ಬರೆದವರಿಗೇ ಮರೆತುಹೋಗುತ್ತದೆ. ಫಿನ್ಲೆಂಡಿನ ಯುಕ್ಕಾ ಲೆಹ್ತೊಸಾಲೊ ಎಂಬವರು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುವಾಗ ಈ ವಿಷಯಕ್ಕೆ ಕೈಹಾಕಿದರು. ಅದರಿಂದ ಬೆಳೆದದ್ದು ಮೈಪೈ ಎಂಬ ಟೈಪ್ ಚೆಕರ್. ೨೦೧೫ರಲ್ಲಿ ಪೈಥಾನಿನ ೩.೫ನೆಯ ಆವೃತ್ತಿ ಬಂದಾಗ ಬಗೆಗಳನ್ನು ಬರೆಯುವ ಕ್ರಮಕ್ಕೆ ಭಾಷೆಯಲ್ಲೇ ಅಧಿಕೃತ ಜಾಗ ಸಿಕ್ಕಿತು. ೨೦೧೯ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿಯವರು ತಮ್ಮ ನಲವತ್ತು ಲಕ್ಷ ಸಾಲು ಪೈಥಾನನ್ನು ಮೈಪೈ ಮೂಲಕ ಪರೀಕ್ಷಿಸುವ ಹಂತಕ್ಕೆ ಬಂದಿದ್ದೇವೆ ಎಂದು ಬರೆದರು. ಇನ್ನೊಂದು ಸ್ವಾರಸ್ಯವಿದೆ. ಮೈಪೈಯನ್ನು ಬರೆದಿರುವುದೂ ಪೈಥಾನಿನಲ್ಲೇ. ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ತೆರೆದು ನೋಡಬಹುದು, ತಪ್ಪು ಕಂಡರೆ ತಿಳಿಸಬಹುದು. ಕಾಸು ಕೊಡಬೇಕಿಲ್ಲ.

ಪಾಠ ಮುಗಿಯಿತು, ಇನ್ನು ಕಥೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ತಂಡದ ಮುಖ್ಯಸ್ಥನಾಗಿದ್ದೆ. ಯಾರೇ ಹೊಸದಾಗಿ ಏನು ಬರೆದರೂ ಅದು ಮೊದಲು ನಮ್ಮೆಲ್ಲರಿಗೂ ಸೇರಿದ ಒಂದು ಕಂಪ್ಯೂಟರಿನಲ್ಲಿ ಮೈಪೈ ಪರೀಕ್ಷೆ ದಾಟಬೇಕು, ಆಮೇಲಷ್ಟೇ ಉಳಿದದ್ದರ ಜೊತೆ ಸೇರಬೇಕು ಎಂಬುದು ನಿಯಮ. ಡೇರಿಯಲ್ಲಿ ಹಾಲನ್ನು ಪರೀಕ್ಷೆ ಮಾಡಿ ಆಮೇಲೆ ದೊಡ್ಡ ಕ್ಯಾನಿಗೆ ಸುರಿಯುವ ಹಾಗೆ.

ನಮ್ಮ ತಂಡಕ್ಕೆ ಒಬ್ಬ ಹೊಸ ಹುಡುಗ ಸೇರಿದ್ದ. ರಾಯಚೂರು ಕಡೆಯವನು, ನಮ್ಮ ಹಾಗೆಯೇ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವನು. ಮಾತು ಕಡಿಮೆ. ಸಭೆಯಲ್ಲಿ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಉತ್ತರ ಗೊತ್ತಿದ್ದರೂ ಎರಡು ನಿಮಿಷ ತಡವರಿಸುತ್ತಿದ್ದ. ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ಆರು ತಿಂಗಳ ಪರೀಕ್ಷಾ ಅವಧಿಯಲ್ಲಿದ್ದ. ಅವನು ಕೆಲಸಕ್ಕೆ ತಕ್ಕವನೋ ಅಲ್ಲವೋ ಎಂದು ಬರೆದುಕೊಡಬೇಕಾದವನು ನಾನು.

ಒಂದು ದಿನ ಅವನು ಒಂದು ಕೆಲಸ ಮುಗಿಸಿದ. ಬಹಳ ಗೋಜಲಾಗಿದ್ದ ಒಂದು ಕಡತದಿಂದ ಒಂದು ಭಾಗವನ್ನು ಬಿಡಿಸಿ ಇನ್ನೊಂದು ಕಡತಕ್ಕೆ ಸಾಗಿಸಿದ್ದ. ಅಚ್ಚುಕಟ್ಟಾದ ಕೆಲಸ. ಅವನ ಕಂಪ್ಯೂಟರಿನಲ್ಲಿ ಮೈಪೈ ‘ಏನೂ ತೊಂದರೆಯಿಲ್ಲ’ ಎಂದಿತು. ಎಲ್ಲರಿಗೂ ಸೇರಿದ ಕಂಪ್ಯೂಟರಿನಲ್ಲಿ ಮೈಪೈ ದಿಢೀರನೆ ಕುಸಿದುಬಿತ್ತು. ಸರಿ ಅಥವಾ ತಪ್ಪು ಎಂದು ಉತ್ತರ ಕೊಡಲಿಲ್ಲ, ಉತ್ತರ ಕೊಡುವ ಮೊದಲೇ ಅದೇ ಬಿದ್ದುಹೋಯಿತು. ಇದನ್ನು ನಾವು ಕ್ರ್ಯಾಶ್ ಅನ್ನುತ್ತೇವೆ.

ಇಂಥದ್ದಕ್ಕೆ ನಮ್ಮಲ್ಲಿ ಒಂದು ಮನೆಮದ್ದು ಇದೆ. ಮೈಪೈ ಪ್ರತಿ ಸಲವೂ ಎಲ್ಲವನ್ನೂ ಮೊದಲಿನಿಂದ ಓದುವುದಿಲ್ಲ. ಹಿಂದಿನ ಸಲ ಓದಿದ್ದನ್ನು ಟಿಪ್ಪಣಿ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಅದಕ್ಕೆ ಕ್ಯಾಶೆ ಎಂದು ಹೆಸರು. ಮುಂದಿನ ಸಲ ಬದಲಾದ ಕಡತಗಳನ್ನೂ ಅವುಗಳನ್ನು ನೆಚ್ಚಿಕೊಂಡ ಕಡತಗಳನ್ನೂ ಮಾತ್ರ ಹೊಸದಾಗಿ ಓದುತ್ತದೆ. ಉಳಿದದ್ದಕ್ಕೆ ಹಳೆಯ ಟಿಪ್ಪಣಿಯೇ ಸಾಕು. ಮನೆಮದ್ದು ಏನೆಂದರೆ, ಮೈಪೈ ಬಿದ್ದರೆ ಆ ಟಿಪ್ಪಣಿಯನ್ನು ಅಳಿಸಿ ಮತ್ತೆ ಓಡಿಸುವುದು. ಯಾರೋ ಅಳಿಸಿದರು. ಪರೀಕ್ಷೆ ದಾಟಿತು. ಎಲ್ಲರೂ ಸುಮ್ಮನಾದರು.

ಎರಡು ದಿನಕ್ಕೆ ಅವನು ಆ ಕೆಲಸದ ಮುಂದಿನ ಭಾಗ ತಂದ. ಮತ್ತೆ ಕ್ರ್ಯಾಶ್. ಅಳಿಸಿದೆವು, ಓಡಿತು. ವಾರ ಬಿಟ್ಟು ಇನ್ನೊಮ್ಮೆ. ಮೂರು ಸಲವೂ ಬಿದ್ದದ್ದು ಅವನ ಕೆಲಸ ಬಂದಾಗಲೇ. ಬೇರೆಯವರದು ಬಂದಾಗ ಏನೂ ಇಲ್ಲ. ಮೂರನೆಯ ಸಲ ಬಿದ್ದ ದಿನ ನಾವು ಒಬ್ಬ ಗ್ರಾಹಕರಿಗೆ ಕೆಲಸ ಒಪ್ಪಿಸಬೇಕಿತ್ತು. ಎರಡು ಗಂಟೆ ತಡವಾಯಿತು. ಸಭೆಯಲ್ಲಿ ಎಲ್ಲರ ಎದುರಿಗೆ ನಾನು, ‘ಪ್ರತಿ ಸಲ ನಿನ್ನದೇ ಯಾಕಪ್ಪ? ಸ್ವಲ್ಪ ನೋಡಿಕೊಂಡು ಹಾಕಬಾರದಾ?’ ಎಂದುಬಿಟ್ಟೆ.

ಅವನು ‘ಸಾರಿ ಸಾರ್’ ಎಂದ. ಬೇರೆ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಕುಳಿತ.

ಆ ತಗ್ಗಿಸಿದ ತಲೆಯನ್ನು ನಾನು ಹಿಂದೆ ಎಲ್ಲೋ ನೋಡಿದ್ದೆ. ಎಲ್ಲಿ ಎಂದು ಆ ಕ್ಷಣ ಹೊಳೆಯಲಿಲ್ಲ. ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಹೊಳೆಯಿತು.

ಈಗ ನಿಮ್ಮನ್ನು ನಮ್ಮ ಊರಿಗೆ, ನಾನು ಒಂಬತ್ತನೆಯ ತರಗತಿಯಲ್ಲಿದ್ದ ಕಾಲಕ್ಕೆ ಕರೆದುಕೊಂಡು ಬರುತ್ತೇನೆ. ನಮ್ಮ ಮನೆಯಲ್ಲಿ ಒಂದು ಸೀಮೆಹಸು ಇತ್ತು. ಹಾಲು ಹಾಕುವ ಜಾಗಕ್ಕೆ ನಮ್ಮ ಮನೆ ಬಹಳ ಹತ್ತಿರ. ಅಮ್ಮ ಕರೆದ ಹಾಲನ್ನು ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದಳು. ಅಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುತ್ತಿದ್ದರು. ನಮ್ಮ ಹಾಲಿನ ಅಂಕಿ ಯಾವಾಗಲೂ ಕಡಿಮೆ. ಒಂದು ದಿನ ಬೆಳಿಗ್ಗೆ, ಸಾಲಿನಲ್ಲಿದ್ದ ಎಲ್ಲರ ಎದುರಿಗೆ, ‘ನೀರು ಹಾಕಿದ್ದೀರಮ್ಮ’ ಎಂದು ಹೇಳಿ ಪಾತ್ರೆಯನ್ನು ಹಿಂದಕ್ಕೆ ಕೊಟ್ಟರು. ಅಮ್ಮ ಒಂದು ಮಾತೂ ಆಡಲಿಲ್ಲ. ತಲೆ ತಗ್ಗಿಸಿಕೊಂಡು ಪಾತ್ರೆ ಹೊತ್ತು ಮನೆಗೆ ಬಂದಳು. ಅವಳ ಹಿಂದೆ ನಾನು ಬಂದೆ.

ಅವತ್ತು ನಾನು ಶಾಲೆಯಲ್ಲಿ ಮಂಕಾಗಿ ಕುಳಿತಿದ್ದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಕಂಡರು. ಅವರು ಈಗ ಇಲ್ಲೇ ಮುಂದೆ ಕುಳಿತಿದ್ದಾರೆ. ಹೆಸರು ಹೇಳಕೂಡದು ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾರೆ, ಆದ್ದರಿಂದ ಹೇಳುವುದಿಲ್ಲ. ವಿಷಯ ಕೇಳಿ ಅವರು ಡೇರಿಯವರನ್ನು ಬೈಯಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ‘ನಾಳೆ ಅರ್ಧ ಲೀಟರು ಹಾಲು ತಗೊಂಡು ಬಾ, ಕರೆದ ತಕ್ಷಣ ತರಬೇಕು’ ಎಂದರು. ಮಾರನೆಯ ದಿನ ಓಡಿಕೊಂಡು ಬಂದೆ. ಲ್ಯಾಬಿನ ಬೀರುವಿನಿಂದ ಲ್ಯಾಕ್ಟೋಮೀಟರ್ ಮತ್ತು ಥರ್ಮಾಮೀಟರ್ ತೆಗೆದರು. ಹಾಲು ೩೬ ಡಿಗ್ರಿ ಸೆಲ್ಸಿಯಸ್ ಇತ್ತು, ಲ್ಯಾಕ್ಟೋಮೀಟರ್ ೨೫ ತೋರಿಸಿತು. ‘ಬರ್ಕೊ’ ಎಂದರು. ಆಮೇಲೆ ಹಾಲಿನ ಪಾತ್ರೆಯನ್ನು ಮಡಕೆಯ ತಣ್ಣೀರಿನಲ್ಲಿ ಇಡಿಸಿದರು. ಡಿಸೆಂಬರಿನ ಚಳಿ. ಒಂದು ಪೀರಿಯಡ್ ಕಳೆದ ಮೇಲೆ ನೋಡಿದರೆ ಹಾಲು ೨೨ ಡಿಗ್ರಿಗೆ ಇಳಿದಿತ್ತು, ಲ್ಯಾಕ್ಟೋಮೀಟರ್ ೨೮ ತೋರಿಸಿತು. ಅದೇ ಹಾಲು. ಒಂದು ತೊಟ್ಟು ನೀರು ಸೇರಿಲ್ಲ, ತೆಗೆದಿಲ್ಲ.

ಬಿಸಿಯಾದರೆ ಹಾಲು ಹಿಗ್ಗುತ್ತದೆ, ಸಾಂದ್ರತೆ ಕಡಿಮೆಯಾಗುತ್ತದೆ, ಲ್ಯಾಕ್ಟೋಮೀಟರ್ ಆಳಕ್ಕೆ ಮುಳುಗುತ್ತದೆ, ಅಂಕಿ ಕಡಿಮೆ ಕಾಣುತ್ತದೆ. ನೀರು ಬೆರೆಸಿದರೂ ಹಾಗೆಯೇ ಕಾಣುತ್ತದೆ. ಅದಕ್ಕೇ ಲ್ಯಾಕ್ಟೋಮೀಟರಿನ ಜೊತೆ ಥರ್ಮಾಮೀಟರ್ ಇಟ್ಟು, ಶಾಖಕ್ಕೆ ತಕ್ಕಂತೆ ಅಂಕಿಯನ್ನು ತಿದ್ದಿಕೊಳ್ಳಬೇಕು. ದೂರದ ಮನೆಗಳ ಹಾಲು ದಾರಿಯಲ್ಲೇ ಆರಿ ಬರುತ್ತಿತ್ತು. ನಮ್ಮದು ಹತ್ತಿರದ ಮನೆ, ಹಾಲು ಬೆಚ್ಚಗೇ ಬರುತ್ತಿತ್ತು. ಹತ್ತಿರದಲ್ಲಿದ್ದದ್ದೇ ನಮ್ಮ ತಪ್ಪು! ಮೇಷ್ಟ್ರು ಎರಡು ಕಾಲಮ್ಮಿನ ಒಂದು ಹಾಳೆ ಬರೆಸಿ, ನನ್ನನ್ನು ಕರೆದುಕೊಂಡು ಹೋಗಿ, ಪರೀಕ್ಷೆ ಮಾಡುತ್ತಿದ್ದವರ ಕೈಗೆ ಕೊಟ್ಟರು. ಅವರೇನೂ ಕೆಟ್ಟವರಲ್ಲ. ಅಲ್ಲಿದ್ದ ಥರ್ಮಾಮೀಟರ್ ಒಡೆದು ತಿಂಗಳುಗಳಾಗಿತ್ತು, ಹೊಸದು ಬಂದಿರಲಿಲ್ಲ, ಅಷ್ಟೇ. ಮಾರನೆಯ ದಿನದಿಂದ ನಮ್ಮ ಪಾತ್ರೆಯನ್ನು ಅರ್ಧ ಗಂಟೆ ನೀರಿನಲ್ಲಿಟ್ಟು ಆಮೇಲೆ ಅಳೆದರು. ಯಾವ ಜಗಳವೂ ಆಗಲಿಲ್ಲ.

ಆ ಸಂಜೆ ಖಾಲಿ ಆಫೀಸಿನಲ್ಲಿ ಕುಳಿತಾಗ ಇದೆಲ್ಲ ನೆನಪಾಯಿತು. ಅವತ್ತು ಸಾಲಿನ ಎದುರಿಗೆ ನಿಂತು ಅಮ್ಮನಿಗೆ ಹೇಳಿದ ಮಾತನ್ನೇ ನಾನು ಇವತ್ತು ಆ ಹುಡುಗನಿಗೆ ಹೇಳಿದ್ದೆ. ಅಳೆಯುವ ಕೋಲನ್ನು ಒಮ್ಮೆಯೂ ನೋಡದೆ ಹೇಳಿದ್ದೆ.

ಮೈಪೈ ಕೊಟ್ಟಿದ್ದ ಸಂದೇಶವನ್ನು ಮತ್ತೆ ತೆರೆದೆ. ಮೂರು ಸಲ ಬಂದಿದ್ದರೂ ನಾವು ಯಾರೂ ಅದನ್ನು ಸರಿಯಾಗಿ ಓದಿರಲಿಲ್ಲ. ನಿಮ್ಮ ಪ್ರೋಗ್ರಾಮಿನಲ್ಲಿ ತಪ್ಪು ಕಂಡರೆ ಮೈಪೈ ಇಂಥ ಕಡತ, ಇಂಥ ಸಾಲು, ಇಂಥ ತಪ್ಪು ಎಂದು ಹೇಳುತ್ತದೆ. ಇದು ಹಾಗಿರಲಿಲ್ಲ. ‘ಇಂಟರ್ನಲ್ ಎರರ್’ ಎಂದಿತ್ತು. ಅಂದರೆ ಒಳಗಿನ ದೋಷ. ‘ತಪ್ಪು ನನ್ನೊಳಗೆ ಆಗಿದೆ, ದಯವಿಟ್ಟು ತಿಳಿಸಿ’ ಎಂದು ಆ ಸಾಧನವೇ ಹೇಳುತ್ತಿತ್ತು. ಅದು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿತ್ತು. ಒಪ್ಪದೆ ಇದ್ದವರು ನಾವು.

ಮಾರನೆಯ ಬೆಳಿಗ್ಗೆ ಆ ಹುಡುಗನನ್ನು ಪಕ್ಕಕ್ಕೆ ಕರೆದು, ‘ಇದನ್ನು ಇಬ್ಬರೂ ಸೇರಿ ಹುಡುಕೋಣ’ ಎಂದೆ. ಹೇಗೆ ಹುಡುಕಿದೆವು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಕೆಲಸ ಎಂದರೆ ನಿಜವಾಗಿ ಇದೇ.

ಮೊದಲು ಬಿದ್ದ ಜಾಗ ನೋಡಿದೆವು. ಮೈಪೈಗೆ ‘ಬಿದ್ದ ದಾರಿಯನ್ನು ತೋರಿಸು’ ಎಂದು ಹೇಳಬಹುದು. ಆಗ ಒಂದು ಉದ್ದನೆಯ ಪಟ್ಟಿ ಕೊಡುತ್ತದೆ. ಇವರು ಇವರನ್ನು ಕರೆದರು, ಅವರು ಇನ್ನೊಬ್ಬರನ್ನು ಕರೆದರು ಎಂಬ ವಂಶವೃಕ್ಷ. ಪೈಥಾನಿನಲ್ಲಿ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕೊನೆಗೆ ಬಿದ್ದವರು ಕೊನೆಯ ಸಾಲಿನಲ್ಲಿರುತ್ತಾರೆ. ಕೊನೆಯ ಸಾಲಿನ ಅರ್ಥ ಇಷ್ಟು: ‘ಇಂಥ ಕಡತದಲ್ಲಿ ಇಂಥ ಹೆಸರು ಇರಲೇಬೇಕಿತ್ತು, ಸಿಗುತ್ತಿಲ್ಲ’. ಆ ಹೆಸರು ಯಾವುದು? ಹುಡುಗ ಒಂದು ಕಡತದಿಂದ ಇನ್ನೊಂದಕ್ಕೆ ಸಾಗಿಸಿದ್ದ ಹೆಸರೇ. ನೋಡಿ, ಇಲ್ಲಿಗೇ ನಿಲ್ಲಿಸಿದ್ದರೆ ‘ಇವನು ಸಾಗಿಸಿದ್ದೇ ತಪ್ಪು’ ಎಂದು ಬರೆದು ಮುಗಿಸಬಹುದಿತ್ತು.

ಎರಡನೆಯದು, ಬೇಕೆಂದಾಗ ಬೀಳಿಸಲು ಕಲಿತೆವು. ಇದು ಕಷ್ಟವಾಯಿತು. ಅವನ ಕೆಲಸವನ್ನು ಹೊಸ ಫೋಲ್ಡರಿಗೆ ತಂದು ಓಡಿಸಿದರೆ ಬೀಳುವುದೇ ಇಲ್ಲ. ಹತ್ತು ಸಲ ಓಡಿಸಿದರೂ ಇಲ್ಲ. ಮಧ್ಯಾಹ್ನದ ಊಟದ ನಂತರ ಅವನೇ ಹೇಳಿದ, ‘ಸಾರ್, ಮೊದಲು ಹಳೆಯದನ್ನು ಒಂದು ಸಲ ಓಡಿಸಿ, ಆಮೇಲೆ ಹೊಸದನ್ನು ತಂದು ಎರಡನೆಯ ಸಲ ಓಡಿಸಿದರೆ?’ ಹಾಗೆ ಮಾಡಿದೆವು. ತಕ್ಷಣ ಬಿತ್ತು. ಟಿಪ್ಪಣಿ ಅಳಿಸಿದರೆ ಯಾಕೆ ಸರಿಹೋಗುತ್ತಿತ್ತು ಎಂಬುದೂ ಆಗ ತಿಳಿಯಿತು. ಹಳೆಯ ಟಿಪ್ಪಣಿ ಇದ್ದರೆ ಮಾತ್ರ ಬೀಳುತ್ತದೆ. ಅವನ ಕಂಪ್ಯೂಟರಿನಲ್ಲಿ ಆ ಟಿಪ್ಪಣಿ ಇರಲಿಲ್ಲ, ಎಲ್ಲರಿಗೂ ಸೇರಿದ ಕಂಪ್ಯೂಟರಿನಲ್ಲಿ ಇತ್ತು.

ಮೂರನೆಯದು, ಚಿಕ್ಕದು ಮಾಡುತ್ತ ಹೋದೆವು. ನಮ್ಮಲ್ಲಿ ಸುಮಾರು ೧೨೦೦ ಕಡತಗಳಿದ್ದವು. ಅರ್ಧ ತೆಗೆದು, ಇನ್ನೂ ಬೀಳುತ್ತದೆಯೇ ಎಂದು ನೋಡಿದೆವು. ಬಿದ್ದರೆ ತೆಗೆದ ಅರ್ಧಕ್ಕೂ ಈ ತೊಂದರೆಗೂ ಸಂಬಂಧವಿಲ್ಲ. ಬೀಳದಿದ್ದರೆ ಅದನ್ನು ವಾಪಸು ಇಟ್ಟು ಇನ್ನೊಂದು ಭಾಗ ತೆಗೆದೆವು. ಮಕ್ಕಳೇ, ೧೨೦೦ರ ಅರ್ಧ ೬೦೦, ಅದರ ಅರ್ಧ ೩೦೦, ಹೀಗೆ ಎಂಟು ಸಲ ಅರ್ಧ ಮಾಡಿದರೆ ಐದರ ಹತ್ತಿರ ಬರುತ್ತೀರಿ. ಲೆಕ್ಕದಲ್ಲಿ ಎಂಟು ಹೆಜ್ಜೆ, ನಿಜದಲ್ಲಿ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಎರಡು ದಿನ ಹಿಡಿಯಿತು. ಕೊನೆಗೆ ಉಳಿದದ್ದು ನಾಲ್ಕು ಪುಟ್ಟ ಕಡತಗಳು, ಎಲ್ಲ ಸೇರಿ ಇಪ್ಪತ್ತು ಸಾಲು. ಅದರಲ್ಲಿ ಒಂದು ಸಾಲು ತೆಗೆದರೂ ಕ್ರ್ಯಾಶ್ ಆಗುತ್ತಿರಲಿಲ್ಲ.

ಇಪ್ಪತ್ತು ಸಾಲನ್ನು ಎದುರಿಗೆ ಇಟ್ಟುಕೊಂಡಾಗ ಕಾರಣ ಕಣ್ಣಿಗೆ ಕಂಡಿತು. ಅದನ್ನು ಊರಿನ ಮಾತಿನಲ್ಲಿ ಹೇಳುತ್ತೇನೆ. ನಿಮ್ಮ ಬೀಗರ ಷಡ್ಡಕರ ಮಗ ತಿಪಟೂರಿನಲ್ಲಿದ್ದಾನೆ. ಅವನ ವಿಳಾಸವನ್ನು ಬೀಗರ ಮೂಲಕ ಕೇಳಿ ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೀರಿ. ಅವನು ಮನೆ ಬದಲಾಯಿಸಿ ಅರಸೀಕೆರೆಗೆ ಹೋದ. ತನ್ನ ಅಪ್ಪನಿಗೆ ಹೇಳಿದ, ಹತ್ತಿರದವರಿಗೆಲ್ಲ ಹೇಳಿದ. ನಿಮಗೂ ಅವನಿಗೂ ನೇರ ಪರಿಚಯವಿಲ್ಲ, ಹಾಗಾಗಿ ನಿಮಗೆ ಯಾರೂ ಹೇಳಲಿಲ್ಲ. ನೀವು ಹಳೆಯ ಡೈರಿ ನೋಡಿಕೊಂಡು ಹೋಗಿ ಬೀಗ ಹಾಕಿದ ಮನೆಯ ಮುಂದೆ ನಿಂತಿರಿ. ಇಲ್ಲಿ ಮನೆ ಬದಲಾಯಿಸಿದ್ದು ತಪ್ಪೇ? ಅಲ್ಲ. ಡೈರಿ ಇಟ್ಟದ್ದು ತಪ್ಪೇ? ಅದೂ ಅಲ್ಲ. ‘ಇವರಿಗೂ ತಿಳಿಸಬೇಕು’ ಎಂಬ ಪಟ್ಟಿಯಲ್ಲಿ ನಿಮ್ಮ ಹೆಸರು ಬಿಟ್ಟುಹೋಗಿತ್ತು, ಅದು ತಪ್ಪು. ದೂರದ ನೆಂಟಸ್ತಿಕೆಗಳನ್ನೂ ಮೈಪೈ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ, ಒಂದು ಅಪರೂಪದ ಜೋಡಣೆಯಲ್ಲಿ, ಆ ಪಟ್ಟಿಯಿಂದ ಒಂದು ಹೆಸರು ಬಿಟ್ಟುಹೋಗುತ್ತಿತ್ತು. ಕಡತಗಳಿಂದ ಕಡತಗಳಿಗೆ ಸಾಗಿಸುವ ಕೆಲಸವನ್ನು ಆ ದಿನಗಳಲ್ಲಿ ಮಾಡುತ್ತಿದ್ದವನು ಅವನೊಬ್ಬನೇ. ಅದಕ್ಕೇ ಪ್ರತಿ ಸಲ ಅವನ ಕೆಲಸ ಬಂದಾಗಲೇ ಬೀಳುತ್ತಿತ್ತು. ಮನೆ ಶುಚಿ ಮಾಡುವವನ ಕೈಗೇ ಧೂಳು ಮೆತ್ತುವುದು.

ಮೈಪೈ ಯಾಕೆ ಬಿತ್ತು, ತಪ್ಪು ಉತ್ತರ ಯಾಕೆ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಬರೆದವರು ಆ ಜಾಗದಲ್ಲಿ ಒಂದು ಕಾವಲು ಇಟ್ಟಿದ್ದರು. ‘ಇಲ್ಲಿ ಈ ಹೆಸರು ಇರಲೇಬೇಕು, ಇಲ್ಲದಿದ್ದರೆ ಮುಂದೆ ಹೋಗಬೇಡ, ನಿಲ್ಲು’ ಎಂಬ ಕಾವಲು. ಅದರಿಂದ ನಮಗೆ ಎರಡು ಗಂಟೆ ತಡವಾಯಿತು ನಿಜ. ಆದರೆ ಆ ಕಾವಲು ಇಲ್ಲದಿದ್ದರೆ ಅದು ಹಳೆಯ ಟಿಪ್ಪಣಿ ನೋಡಿಕೊಂಡು ಸುಳ್ಳು ಉತ್ತರ ಕೊಡುತ್ತಿತ್ತು, ನಾವು ನಂಬುತ್ತಿದ್ದೆವು. ಲ್ಯಾಕ್ಟೋಮೀಟರಿಗೆ ಆ ಗುಣ ಇಲ್ಲ. ಬಿಸಿ ಹಾಲಿನಲ್ಲಿ ಇಳಿಬಿಟ್ಟರೆ ಅದು ‘ನನಗೆ ಗೊತ್ತಾಗುತ್ತಿಲ್ಲ’ ಎಂದು ಕೂಗುವುದಿಲ್ಲ. ಸದ್ದಿಲ್ಲದೆ ೨೫ ಎಂದು ತೋರಿಸುತ್ತದೆ, ಒಬ್ಬ ಹೆಂಗಸು ತಲೆ ತಗ್ಗಿಸುತ್ತಾಳೆ. ಕೆಲಸ ನಿಲ್ಲಿಸಿ ಕೂಗುವ ಸಾಧನದ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚಾಗಿದೆ.

ಆಮೇಲೆ ಮೈಪೈ ಬರೆಯುವವರಿಗೆ ತಿಳಿಸಬೇಕಿತ್ತು. ‘ನೀನೇ ಬರಿ’ ಎಂದೆ. ಅವನು ಗಾಬರಿಯಾದ. ‘ನನ್ನ ಇಂಗ್ಲಿಷ್ ಸರಿಯಿಲ್ಲ ಸಾರ್, ದೇಶವೆಲ್ಲ ನೋಡುತ್ತೆ’ ಎಂದ. ನಾನು ಕೇಳಿದೆ, ‘ಹೈಸ್ಕೂಲಿನಲ್ಲಿ ವಿಜ್ಞಾನದ ರೆಕಾರ್ಡ್ ಬರೀತಿದ್ದೆಯಲ್ಲ? ಉದ್ದೇಶ, ಬೇಕಾದ ಸಾಮಗ್ರಿ, ವಿಧಾನ, ವೀಕ್ಷಣೆ, ನಿರ್ಣಯ. ಅಷ್ಟೇ ಬರಿ.’ ಯಾವ ಆವೃತ್ತಿ, ಯಾವ ನಾಲ್ಕು ಕಡತ, ಮೊದಲು ಏನು ಮಾಡಬೇಕು, ಆಮೇಲೆ ಏನು ಮಾಡಬೇಕು, ಏನಾಗಬೇಕಿತ್ತು, ಏನಾಯಿತು. ಅವನು ಬರೆದದ್ದು ಹತ್ತು ವಾಕ್ಯ. ಒಂದೂ ಅಲಂಕಾರದ ಮಾತಿಲ್ಲ. ಹಾಕುವ ಮುಂಚೆ ಅವರ ಪಟ್ಟಿಯಲ್ಲಿ ಹುಡುಕಿದರೆ, ಬೇರೆ ಯಾವುದೋ ದೇಶದವರೊಬ್ಬರು ಇದೇ ಥರದ ಕ್ರ್ಯಾಶನ್ನು ಆಗಲೇ ತಿಳಿಸಿದ್ದರು. ಆದರೆ ಅವರಲ್ಲಿ ಸಣ್ಣ ಉದಾಹರಣೆ ಇರಲಿಲ್ಲ. ಅದರ ಕೆಳಗೆ ನಮ್ಮ ಹುಡುಗ ತನ್ನ ಇಪ್ಪತ್ತು ಸಾಲು ಸೇರಿಸಿದ. ಮುಂದಿನ ಒಂದು ಆವೃತ್ತಿಯಲ್ಲಿ ಅದು ಸರಿಹೋಯಿತು. ಅಲ್ಲಿಯವರೆಗೆ ನಾವು ರಾತ್ರಿ ಹೊತ್ತು ಹಳೆಯ ಟಿಪ್ಪಣಿಯನ್ನು ಅಳಿಸುತ್ತಿದ್ದೆವು. ಮೊದಲೂ ಅಳಿಸುತ್ತಿದ್ದೆವು, ಆದರೆ ದೃಷ್ಟಿ ತೆಗೆದ ಹಾಗೆ ಅಳಿಸುತ್ತಿದ್ದೆವು. ಈಗ ಕಾರಣ ಗೊತ್ತಿದ್ದು ಅಳಿಸಿದೆವು.

ಇನ್ನು ನನ್ನ ತಪ್ಪಿನ ವಿಷಯ. ಎಲ್ಲರ ಎದುರಿಗೆ ಆಡಿದ ಮಾತನ್ನು ಒಬ್ಬನೇ ಇದ್ದಾಗ ಹಿಂದಕ್ಕೆ ತೆಗೆದುಕೊಂಡರೆ ಅದು ಹಿಂದಕ್ಕೆ ಬರುವುದಿಲ್ಲ. ಮುಂದಿನ ಸೋಮವಾರ ಅದೇ ಸಭೆಯಲ್ಲಿ ಎದ್ದುನಿಂತು, ‘ಹೋದ ವಾರ ನಾನು ಹೇಳಿದ್ದು ತಪ್ಪು. ಕೆಲಸ ಸರಿಯಾಗಿತ್ತು, ಅಳೆದ ಸಾಧನದಲ್ಲಿ ದೋಷ ಇತ್ತು, ಅದನ್ನು ಹುಡುಕಿದವನೂ ಇವನೇ’ ಎಂದೆ. ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಅವನು ತಲೆ ಎತ್ತಿದ, ನಗಲಿಲ್ಲ. ನಕ್ಕಿದ್ದು ಆಮೇಲೆ, ಟೀ ಕುಡಿಯುವಾಗ. ಅವನು ಈಗ ನನಗಿಂತ ಒಳ್ಳೆಯ ಕೆಲಸದಲ್ಲಿದ್ದಾನೆ. ಹೊಸಬರು ಬಂದರೆ ಮೊದಲ ದಿನ, ಸಂದೇಶವನ್ನು ಪೂರ್ತಿ ಓದುವುದನ್ನು ಕಲಿಸುತ್ತಾನಂತೆ.

ಒಂದು ಮಾತು ಸ್ಪಷ್ಟ ಮಾಡಬೇಕು. ಇದನ್ನು ಕೇಳಿ ಮಕ್ಕಳು ನಾಳೆ ಕಡಿಮೆ ಅಂಕ ಬಂದಾಗ ‘ಸಾರ್, ತಿದ್ದಿದವರದೇ ತಪ್ಪು’ ಎನ್ನಬಾರದು. ಹದಿಮೂರು ವರ್ಷದಲ್ಲಿ ಮೈಪೈಯಂಥ ಸಾಧನಗಳು ನನ್ನ ಕೆಲಸದಲ್ಲಿ ಸಾವಿರಾರು ತಪ್ಪು ತೋರಿಸಿವೆ. ಹೆಚ್ಚುಕಡಿಮೆ ಅಷ್ಟೂ ನನ್ನವೇ ಆಗಿದ್ದವು. ಸಾಧನ ತಪ್ಪಿದ್ದು ಕೈಬೆರಳಲ್ಲಿ ಎಣಿಸುವಷ್ಟು ಸಲ. ಆದ್ದರಿಂದ ಮೊದಲು ನಮ್ಮ ಕೆಲಸವನ್ನೇ ನೋಡಿಕೊಳ್ಳಬೇಕು. ಆದರೆ ಒಬ್ಬರ ಮೇಲೆ ಆರೋಪ ಹೊರಿಸುವ ಮುಂಚೆ, ಅದೂ ಎದುರು ಮಾತಾಡಲಾರದವರ ಮೇಲೆ ಹೊರಿಸುವ ಮುಂಚೆ, ಅಳತೆಯ ಕೋಲನ್ನೂ ಒಂದು ಸಲ ಅಳೆದು ನೋಡಬೇಕು. ಶಿಕ್ಷಕರು, ಡೇರಿಯವರು, ಪಂಚಾಯಿತಿಯವರು, ನನ್ನಂಥ ತಂಡದ ಮುಖ್ಯಸ್ಥರು, ಕೈಯಲ್ಲಿ ಕೋಲು ಇರುವ ಎಲ್ಲರಿಗೂ ಇದು ಅನ್ವಯಿಸುತ್ತದೆ.

ಅಳೆಯುವುದಕ್ಕೆ ಮಾತ್ರ ಸಿಟ್ಟು ಸಾಲದು. ನಮ್ಮ ಮೇಷ್ಟ್ರು ಜಗಳಕ್ಕೆ ಹೋಗಿದ್ದರೆ ಡೇರಿಯವರೂ ಜಗಳಕ್ಕೆ ನಿಲ್ಲುತ್ತಿದ್ದರು. ಎರಡು ಕಾಲಮ್ಮಿನ ಹಾಳೆ ತೆಗೆದುಕೊಂಡು ಹೋದರು, ಜಗಳಕ್ಕೆ ಜಾಗವೇ ಇರಲಿಲ್ಲ. ಬಿ.ಇ.ಯಲ್ಲಿ ನಾಲ್ಕು ವರ್ಷ ನನಗೆ ಬಹಳ ವಿಷಯ ಕಲಿಸಿದರು. ಆದರೆ ಹೊಟ್ಟೆಪಾಡಿಗೆ ದಿನವೂ ಬಳಸುವ ವಿದ್ಯೆಯನ್ನು ನಾನು ಈ ಕಟ್ಟಡದ ಆ ಮೂಲೆಯ ಕೋಣೆಯಲ್ಲಿ, ಒಂದು ಲೋಟ ಹಾಲಿನ ಎದುರಿಗೆ ಕಲಿತೆ.

ಮುಗಿಸುತ್ತೇನೆ. ಬೆಳಿಗ್ಗೆ ಲ್ಯಾಬಿಗೆ ಹೋಗಿದ್ದೆ. ಆ ಬೀರು ಇನ್ನೂ ಇದೆ. ಲ್ಯಾಕ್ಟೋಮೀಟರ್ ಇದೆ, ಥರ್ಮಾಮೀಟರ್ ಒಂದೇ ಇದೆ, ಅದೂ ಅಂಕಿ ಮಾಸಿದ್ದು. ನಮ್ಮ ೨೦೦೫ರ ಬ್ಯಾಚಿನವರು ಸೇರಿ ಒಂದು ಡಜನ್ ಥರ್ಮಾಮೀಟರ್, ನಾಲ್ಕು ಲ್ಯಾಕ್ಟೋಮೀಟರ್ ತಂದಿದ್ದೇವೆ. ಸಣ್ಣ ಕಾಣಿಕೆ, ಫಲಕದಲ್ಲಿ ಹೆಸರು ಬೇಡ. ಬೀರುವಿಗೆ ಬೀಗ ಹಾಕಬೇಡಿ ಎಂಬುದೊಂದೇ ವಿನಂತಿ. ಒಡೆದರೆ ಒಡೆಯಲಿ, ಮತ್ತೆ ತರುತ್ತೇವೆ. ಒಂಬತ್ತನೆಯ ತರಗತಿಯ ಮಕ್ಕಳು ನಾಳೆ ಬೆಳಿಗ್ಗೆ ಅರ್ಧ ಲೀಟರು ಬಿಸಿ ಹಾಲು ತನ್ನಿ. ಮೇಷ್ಟ್ರು ನಿವೃತ್ತರಾಗಿದ್ದರೂ ಬಂದು ತೋರಿಸಲು ಒಪ್ಪಿದ್ದಾರೆ.

ಅಮ್ಮ ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಅಮ್ಮ, ನಾನು ಮಾಡುವ ಕೆಲಸ ಇದೇ.